ಗೇಟಿನ ಮುದ್ದಪ್ಪನವರ ಗೋಡೆ

ಅಜ್ಜಂಪುರದ ಹೊರಗಿನ ರೈಲ್ವೆ ಗೇಟು ಕಾಯುತ್ತಿದ್ದ ಮುದ್ದಪ್ಪನವರು, "ಏನ್ ಹೇರಿದ್ದೀ, ಯಾವೂರಿಗೆ?" ಎಂದು ಕೇಳದೆ ಒಂದು ಎತ್ತಿನ ಗಾಡಿಯನ್ನೂ ದಾಟಿಸಿದವರಲ್ಲ. ಅದು ಅಧಿಕಾರದ ಪ್ರಶ್ನೆಯಲ್ಲ, ಶುದ್ಧ ಕುತೂಹಲ. ಬೇಸಿಗೆಯಲ್ಲೂ ಖಾಕಿ ಕೋಟು ಬಿಚ್ಚದ, ಬಯಲಿನಲ್ಲೂ ಹಳಿಯಡಿಯ ಅಡ್ಡಪಟ್ಟಿಗಳನ್ನು ದಾಟುವವರಂತೆ ಅಳೆದಳೆದು ಹೆಜ್ಜೆಯಿಡುವ ಆ ಕೃಶಕಾಯರು, ಸಿಕ್ಕ ಉತ್ತರವನ್ನು ಇದ್ದಿಲಿನಿಂದ ಜಗಲಿಯ ಗೋಡೆಗೆ ಏರಿಸುತ್ತಿದ್ದರು: ಇಂಥ ವಾರ ಈರುಳ್ಳಿ ಇಷ್ಟು ಗಾಡಿ, ಕಡಲೆಕಾಯಿ ಇಷ್ಟು, ಕಡೂರಿಗೆ ಇಷ್ಟು, ತರೀಕೆರೆಗೆ ಇಷ್ಟು. ನಾಳೆ ಯಾವ ಪೇಟೆಗೆ ಹೊರಡಬೇಕೆಂದು ಗಾಡಿಯವರು ನೋಡುತ್ತಿದ್ದುದು ಈ ಗೋಡೆಯನ್ನೇ. ಪುಸ್ತಕದಲ್ಲಿ ಬರೆಯಬಾರದೇ ಎಂದರೆ, "ಪುಸ್ತಕ ನನ್ ಪೆಟ್ಟಿಗೇಲಿರ್ತದೆ. ಗೋಡೆ ಎಲ್ರ ಕಣ್ಣಿಗೂ ಬೀಳ್ತದೆ ಕಣ್ರೀ" ಎನ್ನುವರು. ಯುಗಾದಿಗೆ ಸುಣ್ಣ ಬಳಿಯುವ ಪತ್ನಿ ಶಂಕರಮ್ಮ ತಿಂಗಳ ಮೊತ್ತದ ಸಾಲುಗಳನ್ನು ಮಾತ್ರ ಬೈಯುತ್ತಲೇ ಉಳಿಸುತ್ತಿದ್ದರು.

ಎಪ್ಪತ್ತೆಂಟರಲ್ಲಿ ಯೋಜನಾ ಸಮೀಕ್ಷೆಯ ಎಣಿಕೆದಾರನಾಗಿ ನಾನು ಅಲ್ಲಿಗೆ ಹೋದೆ. ಗೇಟಿನಾಚೆಯ ಹಳ್ಳಕ್ಕೆ ಸೇತುವೆ ಬೇಕೋ ಬೇಡವೋ ಎಂಬುದು ಆ ದಾರಿಯ ಸರಕಿನ ಲೆಕ್ಕದ ಮೇಲೆ ನಿಂತಿತ್ತು. ಹಿಂದಿನ ಮಳೆಗಾಲದಲ್ಲಿ ಮುದ್ದಪ್ಪನವರ ಅಳಿಯ ಬಸವರಾಜಪ್ಪ ಅದೇ ಹಳ್ಳದಲ್ಲಿ ಗಾಡಿ ಮಗುಚಿ ಕಾಲು ಮುರಿದುಕೊಂಡಿದ್ದ. ನನಗೆ ಕೊಟ್ಟಿದ್ದು ಒಂದೇ ದಿನ, ಸೋಮವಾರ. ಬೆಳಗಿನಿಂದ ಕೂತು ಎರಡು ಲಾರಿ, ನಾಲ್ಕು ಸೈಕಲ್ಲು ಎಣಿಸಿ, "ಸರಕು ಸಾಗಣೆ ನಗಣ್ಯ" ಎಂದು ಠೀವಿಯಿಂದ ಬರೆದೆ. ಸಂಜೆ ನೀರು ಕೇಳಲು ಹೋದಾಗ ಮುದ್ದಪ್ಪನವರು ಅದನ್ನು ಓದಿದರು. ಸಿಟ್ಟಾಗಲಿಲ್ಲ. ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದರು.

"ಸೋಮವಾರ ಬಸವಣ್ಣನ ವಾರ. ಈ ಸೀಮೇಲಿ ಎತ್ತಿಗೆ ನೊಗ ಇಡಲ್ಲ ಕಣ್ರೀ."

ಪ್ರತಿ ಸೋಮವಾರದ ಮುಂದೆ ಸೊನ್ನೆ. ಕೆಳಗಿನ ಮಂಗಳವಾರಕ್ಕೆ ಎಂಬತ್ತು, ತೊಂಬತ್ತು! ನಾಚಿಕೆಯಿಂದ ನನ್ನ ಮುಖ ಹುಳ್ಳಗಾಯಿತು. ಒಂಬತ್ತು ವರ್ಷದ ಮೊತ್ತವನ್ನು ನಕಲು ಮಾಡಿಕೊಂಡು ಮೇಲಧಿಕಾರಿಗಳ ಕಾಲು ಕಟ್ಟಿದೆ. ಮುಂದಿನ ಮಂಗಳವಾರ ಅವರೇ ಬಂದು ಎಣಿಸಿದರು: ಎಂಬತ್ತೇಳು ಗಾಡಿ. ಸೇತುವೆ ಯೋಜನೆಗೆ ಸೇರಿತು.

ಸುದ್ದಿ ಹೇಳಲು ಹೋದಾಗ ಮುದ್ದಪ್ಪನವರು ಜಗಲಿಯಿಂದಲೇ ಒಳಗಿದ್ದ ಹೆಂಡತಿಗೆ ಕೂಗಿ ಇಷ್ಟೇ ಹೇಳಿದರು: "ಇನ್ ಮಳೆ ಬಂದ್ರೆ ಹೆದರ್ಕಂಡು ಅಳಿಯನ್ ದಾರಿ ಕಾಯೋದ್ ಬ್ಯಾಡ ಕಣೇ."

ಇಂಥವರಿಗೆ ಸಂಬಳ ಬರುವುದು ಬೇರೆ ಕೆಲಸಕ್ಕೆ. ಊರು ಬದುಕುವುದು ಯಾರೂ ಹೇಳದೆ ಅವರು ಮಾಡುವ ಕೆಲಸದಿಂದ. ನನ್ನಂಥವರು ಒಂದು ದಿನ ನೋಡಿ ಊರಿನ ಹಣೆಬರಹ ಬರೆಯಲು ಕೂತಾಗ, ದಿನವೂ ನೋಡಿದವರೊಬ್ಬರು ಪಕ್ಕದಲ್ಲೇ ಇದ್ದರಲ್ಲ, ಸದ್ಯ.