ಕೋಟೆಮನೆಯ ಹಿತ್ತಾಳೆ ಮೊಳೆಗಳು

ಕೊಯಮತ್ತೂರು ಕಡೆಯ ಸೋಮನೂರಿನಿಂದ ಮೂರು ಮೈಲಿ ಆಚೆ, ಹಗಲೆಲ್ಲ ಗಡಗಡ ಎನ್ನುವ ಮಗ್ಗದ ಶೆಡ್ಡುಗಳ ನಡುವೆ, ಕೋಟೆಮನೆ ಎಂಬ ಹೆಸರಿನದೊಂದು ಮನೆಯಿದೆ. ಕೋಟೆ ಎಂದೊಡನೆ ಕಂದಕ, ಆನೆಬಾಗಿಲು ಎಂದೆಲ್ಲ ಊಹಿಸಿಕೊಂಡು ಯಾರೂ ಆ ಕಡೆ ಹೋಗಬೇಕಾಗಿಲ್ಲ. ಐದು ತಲೆಮಾರಿನ ಹಿಂದೆ ಆ ಮನೆಯ ಗೌಡರಿಗೆ ಯಾವನೋ ಬಿಳಿ ದೊರೆ ಇಂಗ್ಲೆಂಡಿನ ಒಂದು ಕೋಟೆಯ ಚಿತ್ರ ತೋರಿಸಿದನಂತೆ. ಗೌಡರಿಗೆ ಅದು ತಲೆಗೆ ಹತ್ತಿತು. ಇದ್ದ ಹಂಚಿನ ಮನೆಯ ಮುಂದೆಯೇ ಎರಡು ದುಂಡು ಬುರುಜು ಎಬ್ಬಿಸಿಬಿಟ್ಟರು. ಈಗ ಒಂದು ಬುರುಜಿನಲ್ಲಿ ಪಾರಿವಾಳ, ಇನ್ನೊಂದರ ಮೇಲೆ ನೀರಿನ ಟ್ಯಾಂಕು. ಗತ್ತು ಮಾತ್ರ ಇನ್ನೂ ಇಳಿದಿಲ್ಲ.

ಬುರುಜು ಎದ್ದ ವರ್ಷವೇ ಒಂದು ಕಟ್ಟಳೆಯೂ ಎದ್ದಿತು. ಕೋಟೆ ಕಟ್ಟಿದ ಮೇಲೆ ನಮಗೆ ಸಮ ಯಾರು ಎಂದು ಗೌಡರು ಕೇಳಿದರು. ಯಾರೂ ಇಲ್ಲ ಎಂದು ಅವರೇ ಉತ್ತರ ಹೇಳಿಕೊಂಡರು. ಅಂದಿನಿಂದ ಕೋಟೆಮನೆಯ ಹೆಣ್ಣು ಕೋಟೆಬಾಗಿಲು ದಾಟುವಂತಿಲ್ಲ. ಕೊಟ್ಟರೆ ಸೋದರಮಾವನಿಗೆ, ಇಲ್ಲವೇ ಸೋದರತ್ತೆಯ ಮಗನಿಗೆ. ಹೊಲವೂ ಹೊರಗೆ ಹೋಗದು, ರಕ್ತವೂ ಹೊರಗೆ ಹೋಗದು.

ಅಂಗಮ್ಮ ಆ ಕಟ್ಟಳೆಯಲ್ಲೇ ಹುಟ್ಟಿ ಆ ಕಟ್ಟಳೆಯಲ್ಲೇ ಮದುವೆಯಾದವಳು. ಹದಿನೆಂಟಕ್ಕೆ ಅವಳನ್ನು ತಾಯಿಯ ತಮ್ಮ ಕುಪ್ಪಸಾಮಿಗೆ ಕೊಟ್ಟರು. ಅದುವರೆಗೆ ಮಾಮ ಎಂದು ಕರೆಯುತ್ತಿದ್ದವಳು ಆಮೇಲೂ ಮಾಮ ಎಂದೇ ಕರೆದಳು. ಕುಪ್ಪಸಾಮಿಯ ತಾಯಿ ಮುತ್ತಮ್ಮಾಳ್ ಅವಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಅಂಗಮ್ಮನ ತಮ್ಮ ಸೆಂದಿಲ್ ಕೂಡ ತಾಯಿ ತೀರಿಕೊಂಡ ಮೇಲೆ ಅಲ್ಲೇ ಬೆಳೆದು, ಈಗ ಮನೆಯ ಮಗ್ಗಗಳನ್ನು ನೋಡಿಕೊಂಡಿದ್ದಾನೆ.

ಶುಕ್ರವಾರ ಬೆಳಗ್ಗೆ ಅಂಗಮ್ಮನ ಮೊದಲ ಕೆಲಸ ಹಜಾರದ ಹಲಗೆಗೆ ಎಣ್ಣೆ ಸವರುವುದು. ಆಳೆತ್ತರದ ತೇಗದ ಹಲಗೆ. ಮನೆತನದ ಗಂಡ ಹೆಂಡಿರ ಹೆಸರುಗಳನ್ನೆಲ್ಲ ಅದರಲ್ಲಿ ಕನ್ನಡ ಅಕ್ಷರದಲ್ಲಿ ಕೆತ್ತಿದೆ. ಮನೆಮಾತು ಕನ್ನಡವಾದರೂ ಓದಿದ್ದೆಲ್ಲ ತಮಿಳು. ಹಾಗಾಗಿ ಅದನ್ನು ಓದಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲ. ಆದರೆ ಹೆಸರುಗಳ ಕೆಳಗೆ ಎಲ್ಲರೂ ಓದಬಲ್ಲ ಇನ್ನೊಂದು ಬರಹವಿದೆ. ಹೆಸರಿಡುವ ಮೊದಲೇ ಕಣ್ಣು ಮುಚ್ಚಿದ ಮಕ್ಕಳಿಗೆ ತಲೆಗೊಂದರಂತೆ ಹಿತ್ತಾಳೆ ಮೊಳೆ. ಬುರುಜಿನ ಗೌಡರಿಗಿಂತ ಮೇಲಿನ ಸಾಲುಗಳಲ್ಲಿ ಅಂಥವು ಎಲ್ಲೋ ಒಂದೊಂದು. ಅವರಿಂದ ಕೆಳಕ್ಕೆ ಬಂದಂತೆ ಸಾಲು ಸಾಲಾಗಿ ಹೊಳೆಯುತ್ತವೆ. ಮುತ್ತಮ್ಮಾಳ್ ಹೆಸರಿನ ಕೆಳಗೆ ಮೂರು, ಅಂಗಮ್ಮನದರ ಕೆಳಗೆ ಎರಡು. ಅಂಗಮ್ಮ ಹೆಸರುಗಳಿಗೆ ಕುಂಕುಮ ಇಡುತ್ತಾಳೆ. ಮೊಳೆಗಳಿಗೆ ಇಡುವ ಪದ್ಧತಿಯಿಲ್ಲ.

ಅವಳ ಮೊದಲ ಕೂಸು ಗುಂಡುಗುಂಡಾಗಿ ಹುಟ್ಟಿತ್ತು. ಎರಡು ದಿನ ಚೆನ್ನಾಗಿ ಹಾಲು ಕುಡಿಯಿತು. ಮೂರನೆಯ ದಿನ ಮೊಲೆ ಬಿಟ್ಟಿತು, ಐದನೆಯ ದಿನ ತಣ್ಣಗಾಯಿತು. ದೃಷ್ಟಿ ಎಂದರು ಮುತ್ತಮ್ಮಾಳ್. ಮರುವರ್ಷ ಇನ್ನೊಂದು ಕೂಸು ಹೀಗೇ ಮೂರನೆಯ ದಿನ ಬಾಯಿ ತಿರುಗಿಸಿದಾಗ ಕೊಯಮತ್ತೂರಿನ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಅಲ್ಲಿನ ಡಾಕ್ಟರಮ್ಮ, ಕುಡಿದ ಹಾಲೇ ಈ ಮಗುವಿಗೆ ವಿಷವಾಗುತ್ತಿದೆ, ರಕ್ತ ತೀರ ಹತ್ತಿರವಾದದ್ದರಿಂದ ನಿಮ್ಮ ಮನೆಯಲ್ಲಿ ಈ ದೋಷ ಬೇರು ಬಿಟ್ಟಿದೆ ಎಂದರು. ಆ ಕೂಸೂ ಉಳಿಯಲಿಲ್ಲ. ಅವರು ಬರೆದುಕೊಟ್ಟ ಚೀಟಿಯನ್ನು ಕುಪ್ಪಸಾಮಿ ಮಡಚಿ ಜೇಬಿಗಿಟ್ಟ. ಅದು ಮತ್ತೆ ಹೊರಬರಲಿಲ್ಲ. ಮೂರನೆಯವಳು ಇಂದುಜಾ. ಬದುಕಿಕೊಂಡಳು. ಬದುಕಿಕೊಂಡಳಲ್ಲ, ಇನ್ನೇನು ಎಂದು ಮನೆಯವರು ಹಳೆಯದನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೆಸೆದರು.

ಆ ಇಂದುಜಾಳಿಗೆ ಈಗ ಇಪ್ಪತ್ತೈದು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಹೊರದೇಶದ ಗಿರಾಕಿಗಳ ಜೊತೆ ವ್ಯವಹರಿಸುವ ಕೆಲಸ. ಅವಳನ್ನು ಸೆಂದಿಲ್‌ಗೆ ಕೊಡುವುದೆಂದು ಮದುವೆ ಮಾತು ಎತ್ತಬಾರದ ಆಡಿ ಮಾಸ ಕಳೆಯುತ್ತಲೇ ತೀರ್ಮಾನವಾಯಿತು. ಅವಳನ್ನು ಹೆಗಲ ಮೇಲೆ ಹೊತ್ತು ಬಾಲವಾಡಿಗೆ ಬಿಟ್ಟು ಬರುತ್ತಿದ್ದವನು ಅವನು. ಅಕ್ಕನ ಗಂಡ ಹೇಳಿದ್ದಕ್ಕೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ತಲೆ ತಗ್ಗಿಸಿಕೊಂಡು ಶೆಡ್ಡಿಗೆ ಹೋದ.

ಅಂದು ಮಧ್ಯಾಹ್ನ ಇಂದುಜಾ ಅಡುಗೆಮನೆಗೆ ಬಂದು, ಹುರುಳಿ ಆರಿಸುತ್ತಿದ್ದ ತಾಯಿಯ ಎದುರು ಕುಳಿತಳು. ಚಿತ್ತಿರೆ ತಿಂಗಳಲ್ಲಿ ಕಂಪನಿಯವರು ಅವಳನ್ನು ಇಂಗ್ಲೆಂಡಿಗೆ ಕಳಿಸಿದ್ದರು. ಅಲ್ಲಿಯ ಗಿರಾಕಿಯೊಬ್ಬರು ಭಾನುವಾರ ಒಂದು ಹಳೆಯ ಕೋಟೆ ತೋರಿಸಿದ್ದರು. ಅದರ ಫೋಟೋವನ್ನು ಫೋನಿನಲ್ಲಿ ತೆಗೆದು ಮುಂದೆ ಹಿಡಿದಳು.

"ಇದು ನಿಜವಾದ ಕೋಟೆ ಅಮ್ಮ. ನಮ್ಮ ಬುರುಜು ಇದನ್ನ ನೋಡಿ ಕಟ್ಟಿದ್ದು ಅಂತ ಅಪ್ಪ ಮೀಸೆ ತಿರುವ್ತಾರಲ್ಲ, ಇಂಥದನ್ನೇ."

"ದೊಡ್ಡದಾಗಿದೆ, ನನ್ನ ಕಣ್ಣು. ಯಾರು ಇದಾರೆ ಅದರಲ್ಲಿ?"

"ಯಾರೂ ಇಲ್ಲ. ಟಿಕೆಟ್ ತಗೊಂಡು ನಮ್ಮಂಥೋರು ನೋಡ್ಕೊಂಡು ಬರ್ತೀವಿ. ಮೂರು ಮನೆತನ ಆಳಿದ್ರಂತೆ, ಒಬ್ಬರಾದ ಮೇಲೆ ಒಬ್ಬರು. ಕೊನೇ ಮನೆತನದೋರು ಜಾಗ ಹೊರಗೆ ಹೋಗಬಾರದು ಅಂತ ಮೂರು ತಲೆಮಾರು ಸೊಂದದೊಳಗೇ, ನಂಟರಲ್ಲೇ, ಹೆಣ್ಣು ಕೊಟ್ಟು ತಂದು ಮಾಡಿದ್ರಂತೆ." ಅವಳು ಬೆರಳಿನಿಂದ ಮುಂದಿನ ಫೋಟೋ ಸರಿಸಿದಳು. "ಇದು ಅವರ ಗುಡಿ. ನೆಲದ ಮೇಲೆ ನೋಡು."

ನೆಲದಲ್ಲಿ ಕಲ್ಲಿನ ಕೂಸುಗಳು ಸಾಲಾಗಿ ಮಲಗಿದ್ದವು. ಮೊಳದುದ್ದದ ಒಂದೊಂದಕ್ಕೂ ಕುತ್ತಿಗೆಯವರೆಗೆ ಕಲ್ಲಿನದೇ ದುಪ್ಪಟಿ. ಅಂಗಮ್ಮನ ಕೈ ಹುರುಳಿಯಲ್ಲೇ ನಿಂತಿತು.

"ಅವರಲ್ಲೂ ಹೀಗಾ?" ಎಂದಳು.

"ರಕ್ತಕ್ಕೆ ಬಿಳಿ ದೊರೆ, ಕೋಟೆಮನೆ ಗೌಡ ಅಂತೆಲ್ಲ ಗೊತ್ತಾಗಲ್ಲಮ್ಮ. ಡಾಕ್ಟರನ್ನ ಕೇಳ್ಕೊಂಡು ಬಂದೆ. ಸೊಂದದಲ್ಲಿ ಮದುವೆ ಆದೋರಿಗೆಲ್ಲ ಹೀಗೇ ಆಗುತ್ತೆ ಅಂತಿಲ್ಲ. ಆದ್ರೆ ನಮ್ಮ ಮನೇಲಿ ಎರಡು ಸಲ ಕಣ್ಣಾರೆ ಕಂಡಾಗಿದೆ. ನಾನು, ಸೆಂದಿಲ್ ಮಾಮ ಇಬ್ಬರೂ ಇದೇ ಬೇರು. ಪ್ರತಿ ಬಸಿರೂ ಹುತ್ತಕ್ಕೆ ಕೈ ಹಾಕಿದ ಹಾಗೆ."

ಅಂಗಮ್ಮನ ಎದೆ ಇಪ್ಪತ್ತೇಳು ವರ್ಷದ ಹಿಂದಿನಂತೆ ಭಾರವಾಯಿತು. ಕುಡಿಯುವ ಬಾಯಿಲ್ಲದೆ ಹಾಲು ಕಟ್ಟಿಕೊಂಡ ಆ ನೋವನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೇಳಿದವರಾದರೂ ಯಾರು?

ಸಂಜೆ ಇಂದುಜಾ ಅದೇ ಮಾತನ್ನು ಅಪ್ಪನ ಮುಂದೆ ಇಟ್ಟಳು. ಕುಪ್ಪಸಾಮಿ ಕೆಟ್ಟವನಲ್ಲ, ಮಗಳ ಕಾಲಿಗೆ ಮುಳ್ಳು ಚುಚ್ಚಿದರೆ ಊಟ ಬಿಡುವವನು. ಕಟ್ಟಳೆಯ ಮಾತು ಬಂದಾಗ ಮಾತ್ರ ಕಿವಿ ಕಲ್ಲು.

"ಡಾಕ್ಟರು ನೂರು ಹೇಳ್ತಾರೆ. ನೀನು ಚೆನ್ನಾಗೇ ಇದೀಯಲ್ಲ? ಸೆಂದಿಲ್‌ಗೆ ನಿನ್ನ ಮೇಲೆ ಸೋದರಮಾವನ ಮುರೆ ಇದೆ, ಹಕ್ಕಿದೆ. ಬೇಡ ಅಂದ್ರೆ ಅವನ ಮುಖದ ಮೇಲೆ ಉಗುಳಿದ ಹಾಗೆ."

"ಮಾಮ ಕೇಳಿದ್ರಾ ಹಕ್ಕು? ಅವರನ್ನ ಒಂದು ಮಾತು ಕೇಳಿ ಅಪ್ಪ."

ಮುತ್ತಮ್ಮಾಳ್ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. "ಹೊರಗಿನ ಮನೇಲಿ ಹೆಣ್ಣುಮಕ್ಕಳನ್ನ ಹೊಡೀತಾರೆ, ಕೊಂದೂ ಹಾಕ್ತಾರೆ. ದಿನಾ ಟಿವಿಲಿ ಬರೋದು ಕಾಣೆಯಾ? ಇಲ್ಲಿ ನಿನ್ನ ಅಮ್ಮ ಇದಾಳೆ, ನಾನಿದೀನಿ. ಹೋದ ಮಕ್ಕಳು ಹೋದವು ಕಣ್ಣು. ಎಲ್ಲರಿಗೂ ಹೋಗಿವೆ. ನಾನು ಸತ್ತುಹೋದ್ನಾ?"

"ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕ್ಕೋಬೇಕಾ ಅಜ್ಜಿ?" ಎಂದಳು ಇಂದುಜಾ. ಕುಪ್ಪಸಾಮಿ ತಟ್ಟೆ ಸರಿಸಿ ಎದ್ದುಹೋದ. ಅಂಗಮ್ಮ ಬಾಗಿಲ ಮರೆಯಲ್ಲಿ ನಿಂತೇ ಇದ್ದಳು. ಮಗಳು ಒಮ್ಮೆ ತಿರುಗಿ ಅವಳನ್ನು ನೋಡಿದಳು. ಅಂಗಮ್ಮ ಗಂಡ ಬಿಟ್ಟ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಿಶ್ಚಿತಾರ್ಥಕ್ಕೆ ಮೂರು ದಿನ ಉಳಿದಿದ್ದಾಗ, ಬೆಳಗ್ಗೆ, ಗೋಪಿನಾಥ್ ಆಚಾರಿ ಬಂದ. ಹಳೆಯ ಹಲಗೆಯಲ್ಲಿ ಜಾಗ ಮುಗಿದಿತ್ತು. ಹೊಸ ದಂಪತಿಯ ಹೆಸರಿಗೆಂದು ಒಂದೂವರೆ ಅಡಿಯ ತೇಗದ ತುಂಡನ್ನು ಕೆಳಗೆ ಜೋಡಿಸಬೇಕಿತ್ತು. ಸೆಂದಿಲ್ ತುಂಡನ್ನು ಹಿಡಿದು ನಿಂತ. ಮುತ್ತಮ್ಮಾಳ್ ಕುರ್ಚಿಯಲ್ಲಿ, ಕುಪ್ಪಸಾಮಿ ಕಂಬಕ್ಕೊರಗಿ. ಇಂದುಜಾ ಕಂಪನಿ ಬಸ್ಸಿಗೆ ಹೊರಟವಳು ಚೀಲ ಹಿಡಿದು ಹಾಗೇ ನಿಂತುಬಿಟ್ಟಳು. ಪೂಜೆಗೆಂದು ಅಂಗಮ್ಮ ಕುಂಕುಮದ ಬಟ್ಟಲು ತಂದಿದ್ದಳು.

ಆಚಾರಿ ತನ್ನ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಅವಳ ಕೈಗೆ ಕೊಟ್ಟು, "ಹನ್ನೆರಡಿದೆ ಅಮ್ಮ. ಸಾಕಾಗುತ್ತಾ?" ಎಂದು ತಮಿಳಿನಲ್ಲಿ ಕೇಳಿದ.

ಪೊಟ್ಟಣ ಬಿಚ್ಚಿದರೆ ಹಿತ್ತಾಳೆ ಮೊಳೆ. ಹಲಗೆ ಕೂರಿಸುವುದಕ್ಕೋ ಎಂದಳು ಅಂಗಮ್ಮ.

"ಅದಕ್ಕೆ ಸ್ಕ್ರೂ ಬೇರೆ ಇದೆ. ಇದು ಆಮೇಲಕ್ಕೆ. ಒಂದೇ ಅಳತೆಯದು ಬೇಕು ಅಂದಾಗ ಸಿಗೋಲ್ಲ. ನಿಮ್ಮ ಮದುವೆಗೂ ನಮ್ಮಪ್ಪ ಮುಂಚೆಯೇ ಕೊಟ್ಟಿದ್ದರಲ್ಲ."

"ದೇವರ ಗೂಡಿನ ಡಬ್ಬೀಲಿ ಹಾಕಿಡು," ಎಂದರು ಮುತ್ತಮ್ಮಾಳ್, ಸಾಸಿವೆ ಜೀರಿಗೆಯ ಮಾತು ಹೇಳುವಂತೆ.

ಅಂಗಮ್ಮ ಕೈಯಲ್ಲಿದ್ದ ಮೊಳೆಗಳನ್ನು ನೋಡಿದಳು. ಧಾರೆಸೀರೆ ಕೊಳ್ಳುವ ಮುಂಚೆಯೇ ತನ್ನ ಮಕ್ಕಳ ಮೊಳೆ ಕೊಂಡಿಟ್ಟಿದ್ದರು. ತಾನು ಅರಿಶಿನ ಹಚ್ಚಿಸಿಕೊಂಡು ನಗುತ್ತಿದ್ದಾಗ ಅವು ಡಬ್ಬಿಯಲ್ಲಿ ಕಾಯುತ್ತಿದ್ದವು. ಈಗ ಇಂದುಜಾಳವೂ ಬಂದಿವೆ.

ಅವಳು ಪೊಟ್ಟಣ ಮಡಚಿ ಆಚಾರಿಯ ಚೀಲಕ್ಕೆ ಹಾಕಿದಳು. "ತಗೊಂಡು ಹೋಗಪ್ಪ. ಆ ಹಲಗೇನೂ ತಗೊಂಡು ಹೋಗು. ನನ್ನ ಮಗಳನ್ನ ಈ ಮನೆಗೆ ಕೊಡೋದಿಲ್ಲ."

"ಅಂಗಮ್ಮ, ಯಾರ ಮುಂದೆ ಏನು ಮಾತಾಡ್ತಿದೀಯ?" ಎಂದ ಕುಪ್ಪಸಾಮಿ.

"ನಿಮ್ಮ ಮುಂದೇನೇ ಮಾಮ. ಇಪ್ಪತ್ತೇಳು ವರ್ಷ ಆಯ್ತು, ನಾನು ಮಾತಾಡಿದ್ದು ನಿಮಗೆ ನೆನಪಿದ್ಯಾ?" ಅವಳು ಮುತ್ತಮ್ಮಾಳ್ ಕಡೆ ತಿರುಗಿದಳು. "ಅಜ್ಜಿ, ನೀವು ಹೇಳಿದ್ರೆ ಕೇಳ್ತೀನಿ. ಆದ್ರೆ ನಿಮ್ಮ ಮೂರು ಮೊಳೆ ಮೇಲೆ ಕೈಯಿಟ್ಟು ಹೇಳಿ, ಇಂದುವನ್ನ ಕೊಡು ಅಂತ."

ಮುತ್ತಮ್ಮಾಳ್ ಎದ್ದರು. ಹಲಗೆಯ ಹತ್ತಿರ ಹೋಗಿ ಕೈ ಎತ್ತಿದರು. ಅಕ್ಷರ ಕಲಿಯದ ಆ ಕೈ ಮೂರು ಮೊಳೆಗಳನ್ನು ನೋಡದೆಯೇ ಕಂಡುಹಿಡಿಯಿತು. ಒಂದೊಂದರ ಮೇಲೂ ಬೆರಳಿಟ್ಟರು.

"ನಡುವಿನದಕ್ಕೆ ಗುಂಗುರು ಕೂದಲಿತ್ತು," ಎಂದರು ಕೊನೆಗೆ.

ಸೆಂದಿಲ್ ತುಂಡು ಹಲಗೆಯನ್ನು ನೆಲಕ್ಕಿಳಿಸಿ, "ನಾನು ಎತ್ತಿ ಆಡಿಸಿದ ಮಗು ಅಕ್ಕ ಅದು. ನನ್ನಿಂದ ಆಗಲ್ಲ," ಎಂದು ಗೋಡೆಯ ಕಡೆ ಮುಖ ಮಾಡಿಕೊಂಡ.

"ಹಾಗಾದ್ರೆ ಕೋಟೆಮನೆ ಹಲಗೆ ಇಲ್ಲಿಗೇ ಮುಗೀತು," ಎಂದ ಕುಪ್ಪಸಾಮಿ. ಬೈಗುಳಕ್ಕೆಂದು ತೆಗೆದ ದನಿ ಅರ್ಧದಲ್ಲೇ ಒಡೆದುಹೋಯಿತು.

"ಮುಗೀಲಿ ಮಾಮ," ಎಂದಳು ಅಂಗಮ್ಮ. "ಇಂದು, ಬಸ್ಸಿಗೆ ಹೊತ್ತಾಯ್ತು. ನಡಿ ಕಣ್ಣು."

ಇಂದುಜಾ ಎರಡು ಬುರುಜುಗಳ ನಡುವಿನ ಬಾಗಿಲು ದಾಟಿ ಹೋಗುವವರೆಗೆ ಅಂಗಮ್ಮ ಮೆಟ್ಟಿಲ ಮೇಲೆ ನಿಂತಿದ್ದಳು. ಒಳಗೆ ಬಂದಾಗ ಮುತ್ತಮ್ಮಾಳ್ ಇನ್ನೂ ಹಲಗೆಯ ಮುಂದೆಯೇ ಇದ್ದರು. ಕೈ ಚಾಚಿ ಕುಂಕುಮದ ಬಟ್ಟಲು ಕೇಳಿದರು. ಮೊದಲು ತಮ್ಮ ಮೂರಕ್ಕೆ ಇಟ್ಟರು, ಆಮೇಲೆ ಅಂಗಮ್ಮನ ಎರಡಕ್ಕೆ, ಆಮೇಲೆ ಮೇಲಿನ ಸಾಲಿಗೆ, ಅದರ ಮೇಲಿನದಕ್ಕೆ. ಕೈಗೆ ಎಟುಕದ ಕಡೆ ಅಂಗಮ್ಮ ಇಟ್ಟಳು. ನಿಶ್ಚಿತಾರ್ಥಕ್ಕೆಂದು ತುಂಬಿಸಿದ್ದ ಬಟ್ಟಲು ಬರಿದಾಯಿತು. ಮೊಳೆಗಳು ಇನ್ನೂ ಉಳಿದಿದ್ದವು.