ವರಸೆ

“ಮಗು ನಿಮ್ಮ ಹತ್ರಾನೇ ಇರುತ್ತಾ?”

ಫೋನಿಗೆ ಈ ಪ್ರಶ್ನೆ ಬಂದು ಬಿದ್ದಾಗ ಮಾದಲಾಂಬಿಕೆ ಇನ್ಯಾರದೋ ಧಾರೆ ಸೀರೆಯನ್ನು ತನ್ನ ಹೆಗಲ ಮೇಲೆ ಹೊದ್ದು ಕನ್ನಡಿಯ ಮುಂದೆ ನಿಂತಿದ್ದಳು. ಹನೂರಿನಿಂದ ಬಂದಿದ್ದ ಮದುವೆ ಮನೆಯವರು ಎದುರಿಗೆ ಕೂತು ಸೆರಗಿನ ಜರಿ ನೋಡುತ್ತಿದ್ದರು. “ನಿಮ್ಗೇ ಇಷ್ಟು ಚೆಂದಾಗಿ ಒಪ್ತದಲ್ಲ, ನಮ್ ಉಡ್ಗಿ ಇನ್ನೂ ಬೆಳ್ಳಗವ್ಳೆ,” ಎಂದಳು ಮದುಮಗಳ ಸೋದರತ್ತೆ, ಹೊಗಳಿಕೆಯೋ ಹೀಯಾಳಿಕೆಯೋ ತಿಳಿಯದ ಹಾಗೆ. ಮಾದಲಾಂಬಿಕೆ ನಕ್ಕಳು. ಕೊಳ್ಳೇಗಾಲದ ಈ ರೇಷ್ಮೆ ಸೀರೆ ಅಂಗಡಿಯಲ್ಲಿ ನಗುವುದೂ ಕೆಲಸದೊಳಗೇ ಸೇರಿತ್ತು.

ಅವರು ಸೀರೆ ಕಟ್ಟಿಸಿಕೊಂಡು ಹೋದ ಮೇಲೆ ಉತ್ತರ ಬರೆದಳು: ‘ಮಗು ಅಲ್ಲ, ಇಪ್ಪತ್ತು ವರ್ಷದ ಮಗಳು. ನನ್ನ ಜೊತೆಗೇ ಇರ್ತಾಳೆ.’ ಆ ಕಡೆ ಓದಿದ ಗುರುತು ಬಿತ್ತು. ಸ್ವಲ್ಪ ಹೊತ್ತಿಗೆ ಅವನ ಫೋಟೋ ಮಾಯವಾಯಿತು. ಯಳಂದೂರಿನ ಆ ವಿಮಾ ಏಜೆಂಟ್ ಅವಳನ್ನು ಬ್ಲಾಕ್ ಮಾಡಿದ್ದ.

ಎರಡನೇ ಮದುವೆಯ ಈ ಆ್ಯಪಿಗೆ ಅವಳನ್ನು ಸೇರಿಸಿದ್ದೇ ಮಗಳು ಪವಿತ್ರ. ತಿರುಪ್ಪೂರಿನ ಬನಿಯನ್ ಕಂಪನಿಗೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದಾಗ ಪವಿತ್ರ ಇನ್ನೂ ಸ್ಲೇಟು ಹಿಡಿಯುತ್ತಿದ್ದಳು. ಕೋರ್ಟಿಗೆ ಅಲೆದು ಬಿಡುಗಡೆ ಪಡೆದು, ಬಾಡಿಗೆ ಮನೆ ಹಿಡಿದು, ಸೀರೆ ಮಡಿಸಿ ಮಡಿಸಿ ಮಾದಲಾಂಬಿಕೆ ನಲವತ್ತಮೂರಕ್ಕೆ ಬಂದಿದ್ದಳು. “ನಾನು ಡಿಗ್ರಿ ಮುಗಿಸಿ ಕೆಲಸಕ್ಕೆ ಅಂತ ಎಲ್ಲಾದ್ರೂ ಹೋದ್ರೆ ನೀನು ಗೋಡೆ ಜೊತೆ ಮಾತಾಡ್ತೀಯ ಅಷ್ಟೆ,” ಎಂದು ಪವಿತ್ರ ತಾನೇ ಕೂತು ಎಲ್ಲಾ ತುಂಬಿದ್ದಳು. ಮಾದಲಾಂಬಿಕೆ ಅನ್ನುವ ಹೆಸರನ್ನು ಅಂಬಿಕಾ ಎಂದು ಮೊಟಕು ಮಾಡಿದವಳೂ ಅವಳೇ. ಚೆನ್ನಾಗಿ ಬಂದ ಫೋಟೋ ಅಂತ ಇದ್ದದ್ದು ಒಂದೇ. ಬೆಟ್ಟಕ್ಕೆ ಹೋದಾಗ ತಾಯಿ ಮಗಳು ಒಟ್ಟಿಗೆ ನಿಂತು ತೆಗೆಸಿಕೊಂಡದ್ದು. ಅದನ್ನೇ ಹಾಕಿದ್ದಾಯಿತು.

ಆಮೇಲೆ ಶುರುವಾಯಿತು ಗಂಡಸರ ಮೆರವಣಿಗೆ. ತಲೆತುಂಬ ಕೂದಲಿನ ಫೋಟೋ ಹಾಕಿದ್ದವನು ಹೋಟೆಲಿಗೆ ಬಂದಾಗ ಅವನ ಅಪ್ಪನೇ ಬಂದಿರಬೇಕೆಂದು ಅವಳು ಎದ್ದು ನಿಂತು ಕೈಮುಗಿದಿದ್ದಳು. ಇನ್ನೊಬ್ಬ, ದಿನ ಬೆಳಗಾದರೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕಳಿಸುತ್ತಿದ್ದವನು, ವಾರ ಕಳೆಯುವಷ್ಟರಲ್ಲಿ ಸೀರೆಯಿಲ್ಲದ ಫೋಟೋ ಕೇಳಿದ. ಹನೂರು ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತೇನೆಂದವನಿಗಾಗಿ ಬಿಸಿಲಲ್ಲಿ ಕಾದು ಸುಸ್ತಾದಾಗ ‘ದೂರದಿಂದ ನೋಡಿದೆ, ಸಾರಿ’ ಎಂದು ಸಂದೇಶ ಬಂತು. ದೂರ ಎಂದರೆ ಎಷ್ಟು ದೂರ, ಯಾವ ಅಂಗಡಿಯ ಮರೆ ಎಂದು ಅವಳು ಅಲ್ಲೇ ನಿಂತು ಸುತ್ತಲೂ ಹುಡುಕಿದ್ದಳು. ಎಲ್ಲರೂ ಸುತ್ತಿ ಬಳಸಿ ಬಂದು ನಿಲ್ಲುತ್ತಿದ್ದುದು ಮಾತ್ರ ಅಲ್ಲಿಗೇ: ಮಗಳನ್ನು ಎಲ್ಲಿ ಬಿಡುತ್ತೀರಿ? ಅಜ್ಜಿ ಮನೆಯಿಲ್ಲವೇ? ಹಾಸ್ಟೆಲ್ ಇಲ್ಲವೇ?

ಹಾಗೆ ಕೇಳದ ಮೊದಲನೆಯವನು ಸತ್ತೇಗಾಲದ ಮಹದೇವಸ್ವಾಮಿ.

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಅವನಿಗೆ ಕೆಲಸ. ಹೆಂಡತಿ ತೀರಿಕೊಂಡು ಆರೇಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮೆಲುದನಿಯ ಮನುಷ್ಯ. ಫೋನ್ ಮಾಡಿದರೆ ಮೊದಲು “ಊಟ ಆಯ್ತಾ?” ಅನ್ನುತ್ತಿದ್ದ, ಆಮೇಲೆ “ಕೂಸು ಕಾಲೇಜಿಂದ ಬಂತಾ?” ಅನ್ನುತ್ತಿದ್ದ. ಪವಿತ್ರ ಏನು ಓದುತ್ತಿದ್ದಾಳೆ, ಯಾವ ತಿಂಡಿ ಇಷ್ಟ, ಕಣ್ಣಿಗೆ ಕನ್ನಡಕ ಬಂದಿಲ್ಲ ತಾನೇ, ಎಲ್ಲವನ್ನೂ ವಿಚಾರಿಸುತ್ತಿದ್ದ. ಒಮ್ಮೆ ಪವಿತ್ರಳಿಗೆ ಜ್ವರ ಬಂದಾಗ ಕಾರ್ಖಾನೆಯಿಂದ ನೇರ ಬೈಕಿನಲ್ಲಿ ಬಂದು ಎಳನೀರು ಇಟ್ಟು, ಒಳಗೂ ಬಾರದೆ ಹೊರಟುಹೋಗಿದ್ದ. ಅವತ್ತು ಮಾದಲಾಂಬಿಕೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಿದ್ದಳು. ಯಾಕೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅಂಗಡಿಯಲ್ಲಿ ಜೊತೆಯವರು ಅವಳ ಮುಖ ನೋಡಿ ತಮಾಷೆ ಮಾಡತೊಡಗಿದರು. ಅವಳು ಬಳೆ ಬದಲಾಯಿಸಿದಳು. ನರೆತ ಕೂದಲಿಗೆ ಬಣ್ಣ ಹಚ್ಚಿಕೊಂಡಳು.

“ಅಕ್ಕ ನಿಮ್ಮನ್ನ ನೋಡ್ಬೇಕಂತೆ,” ಎಂದ ಒಂದು ದಿನ. “ಭಾನುವಾರ ಮನೆಗೆ ಬನ್ನಿ. ಕೂಸನ್ನೂ ಕರ್ಕೊ ಬನ್ನಿ.”

ತೆಂಗಿನ ಮರಗಳ ನಡುವೆ ಹಳೆಯ ಹೆಂಚಿನ ಮನೆ. ಅಕ್ಕ ಗೌರಮ್ಮಣ್ಣಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ಕಾದಿದ್ದರು. ಗಂಡ ಸತ್ತ ಮೇಲೆ ಮಗನನ್ನು ಕಟ್ಟಿಕೊಂಡು ತಮ್ಮನ ಮನೆಗೇ ಬಂದು ನಿಂತವರು. ತಮ್ಮನ ಹೆಂಡತಿ ಹೋದ ಮೇಲೆ ಮನೆ ಅವರದೇ ಆಗಿತ್ತು. ಮಗ ಗುರುಮಲ್ಲಪ್ಪ ಮಡಿಕೆ ಗುರುತು ಇನ್ನೂ ಹೋಗದ ಹೊಸ ಬಿಳಿ ಶರ್ಟು ತೊಟ್ಟು ಕಂಬಕ್ಕೆ ಒರಗಿ ನೆಲ ನೋಡುತ್ತ ನಿಂತಿದ್ದ.

“ಬಾ ಕೂಸು, ನನ್ ಪಕ್ಕ ಕುಂತ್ಕೊ,” ಎಂದು ಗೌರಮ್ಮಣ್ಣಿ ಪವಿತ್ರಳ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿಕೊಂಡರು. ಕಾಫಿ ಮೊದಲು ಅವಳಿಗೇ ಬಂತು. “ಓದು ಯಾವಾಗ ಮುಗಿತದೆ? ಅಡ್ಗೆ ಗಿಡ್ಗೆ ಬತ್ತದಾ? ಈ ಜಡೆ ನಿಂದೇನಾ, ಚೌರಿ ಸೇರ್ಸಿದ್ದೀಯಾ?” ಎಂದು ನಗುತ್ತ ಜಡೆಯನ್ನು ಕೈಯಲ್ಲಿ ಹಿಡಿದೇ ನೋಡಿದರು. ಮಾದಲಾಂಬಿಕೆಯನ್ನು ಯಾರೂ ಏನೂ ಕೇಳಲಿಲ್ಲ. ಎರಡನೇ ಮದುವೆಯ ಹೆಣ್ಣಿಗೆ ಕೇಳುವಂಥದ್ದಾದರೂ ಏನಿರುತ್ತದೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಮೇಲೆ ಗೌರಮ್ಮಣ್ಣಿ ಪವಿತ್ರಳನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಮಹದೇವಸ್ವಾಮಿ, “ತೋಟ ನೋಡುವ್ರಂತೆ ಬನ್ನಿ,” ಎಂದು ಇವಳನ್ನು ಹಿತ್ತಿಲಿಗೆ ಕರೆದ.

ಹಿತ್ತಿಲಲ್ಲಿ ಸುಲಿಯದ ತೆಂಗಿನಕಾಯಿಯ ರಾಶಿ ಬಿದ್ದಿತ್ತು. ಅವನು ಅದರ ಪಕ್ಕದಲ್ಲಿ ನಿಂತ.

“ಅಕ್ಕಂಗೆ ನಿಮ್ ಮಗ್ಳು ಬಾಳ ಇಡುಸ್ಬುಟ್ಲು.”

“ಅವ್ಳು ಎಲ್ರಿಗೂ ಒಗ್ಗೋಯ್ತಳೆ,” ಎಂದಳು ಮಾದಲಾಂಬಿಕೆ ಹೆಮ್ಮೆಯಿಂದ.

“ಅಂಗಲ್ಲ.” ಅವನು ಮನೆಯ ಕಡೆ ಒಮ್ಮೆ ನೋಡಿದ. “ನಮ್ ಗುರುಮಲ್ಲುಗೆ ಮೂವತ್ನಾಕು. ಯಾವ ಚಟಾನೂ ಇಲ್ಲ. ಈ ತೋಟ ಎಲ್ಲಾ ಅವುನ್ದೇ ದುಡಿಮೆ. ಆದ್ರೆ ವ್ಯವಸಾಯ ಅಂದ್ರೆ ಎಣ್ಣು ಎತ್ತೋರು ಕುಂತ್ಕೊ ಅಂತಾನೂ ಅನ್ನಲ್ಲ ಈಗ. ಬ್ರೋಕರ್‌ಗಳು ದುಡ್ಡು ತಿಂದ್ಕಂಡ್ ಓಂಟೋದ್ರು. ಎಣ್ಣು ಸಿಗ್ಲಪ್ಪಾ ಅಂತ ಅರಕೆ ಒತ್ಕಂಡು ಇಲ್ಲಿನ ಉಡುಗ್ರ ಜೊತೆ ಬೆಟ್ಟಕ್ಕೆ ನಡ್ಕೊಂಡು ಓಗ್ಬಂದ.”

“ಅದ್ಕೆ?”

“ಅಕ್ಕನ ಮಗ. ನನ್ಗೊಂದು ಎಣ್ಕೂಸು ಇದ್ದಿದ್ರೆ ಅವ್ನಿಗೇ ಕೊಡ್ತಿದ್ದಿ. ದೇವ್ರು ಕೊಡ್ನಿಲ್ಲ. ಈಗ ನಮ್ ಮದ್ವೆ ಆದ್ರೆ ಪವಿತ್ರ ನನ್ಗೂ ಮಗ್ಳೇ ಅಲ್ವಾ? ಅತ್ತೆ ಮಗ, ಮಾವನ ಮಗ್ಳು, ವರಸೇನೂ ಸರಿಯಾಗಿ ಬತ್ತದೆ. ಎಲ್ಡೂ ಒಂದೇ ಚಪ್ಪರದಲ್ಲಿ ಮುಗಿಸ್ಬುಡ್ಬೋದು.”

ಮಾದಲಾಂಬಿಕೆ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

“ಅವ್ಳ ಕೊಡ್ನಿಲ್ಲ ಅಂದ್ರೆ ನಮ್ದು?”

ಅವನು ಕಾಲಿನಿಂದ ಒಂದು ಕಾಯನ್ನು ಹೊರಳಿಸಿದ. “ಅಕ್ಕನ ಮಾತು ಮೀರಕಾಗಲ್ಲ ನನ್ ಕೈಲಿ. ಅವ್ಳು ಇಲ್ದಿದ್ರೆ ನಾನು ಈವತ್ತು ಇರ್ತಿರ್ನಿಲ್ಲ.”

“ಸತ್ಯ ಯೋಳಿ. ನೀವು ಮೊದ್ಲು ಮೆಸೇಜ್ ಆಕಿದ್ದು ನನ್ನ ನೋಡ್ಬುಟ್ಟಾ, ಅವ್ಳ ನೋಡ್ಬುಟ್ಟಾ?”

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಅವಳು ನಂಬಲು ತಯಾರಿದ್ದಳು. ಆದರೆ ಅವನು ಆ ಮಟ್ಟಿಗೆ ನಿಜಸ್ಥನಾಗಿದ್ದ.

“ಫೋಟೋವ ಅಕ್ಕ ನೋಡುದ್ಲು. ಮೊದ್ಲು ಅಂಗೇ ಸುರುವಾಯ್ತು. ಆಮೇಲಾಮೇಲೆ ನಿಮ್ಮೇಲೂ ಮನ್ಸಾಯ್ತು.”

ನಿಮ್ಮೇಲೂ. ನಾಲ್ಕು ತಿಂಗಳ ಊಟ ಆಯ್ತಾ, ಕನ್ನಡಕ ಬಂದಿಲ್ಲ ತಾನೇ, ಬೈಕಿನಲ್ಲಿ ಬಂದ ಎಳನೀರು, ಎಲ್ಲವೂ ಆ ಒಂದು ದೀರ್ಘದ ಬಾಲಕ್ಕೆ ಜೋತುಬಿದ್ದು ನೇತಾಡಿದವು. ಇಷ್ಟು ದಿನ ಎಲ್ಲರೂ ಮಗಳನ್ನು ಎಲ್ಲಾದರೂ ಬಿಟ್ಟು ಬಾ ಎಂದಿದ್ದರು. ಇವನೊಬ್ಬ ಕರೆದುಕೊಂಡು ಬಾ ಎಂದಿದ್ದ.

ಅಷ್ಟರಲ್ಲಿ ಗುರುಮಲ್ಲಪ್ಪ ಮಚ್ಚು ಹಿಡಿದು ಬಂದು, ಇವರ ಕಡೆ ತಿರುಗಿಯೂ ನೋಡದೆ, ಎಳನೀರಿನ ಗೊನೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹೊಸ ಶರ್ಟಿಗೆ ಕಲೆಯಾಗದಂತೆ ತೋಳನ್ನು ಮೇಲಕ್ಕೆ ಮಡಿಸಿಕೊಂಡಿದ್ದ. ಪಾಪದ ಹುಡುಗ. ಹುಡುಗ ಎನ್ನುವಂತಿರಲಿಲ್ಲ, ಕಿವಿಯ ಬಳಿ ನರೆ ಇಣುಕಿತ್ತು. ಮಾದಲಾಂಬಿಕೆ ಅವನನ್ನೇ ನೋಡುತ್ತ ನಿಂತಳು. ಕುಡಿಯುವುದಿಲ್ಲ. ತೋಟವಿದೆ. ತಿರುಪ್ಪೂರಿಗೆ ಓಡಿಹೋಗುವ ಜಾತಿಯಲ್ಲ. ಎರಡು ಮನೆ ಅನ್ನುವುದೇ ಇರುವುದಿಲ್ಲ, ಮಗಳು ಕಣ್ಣೆದುರಿಗೇ ಇರುತ್ತಾಳೆ, ಹೆರಿಗೆ ಬಾಣಂತನಕ್ಕೂ ತಾನೇ. ಸಂಜೆ ಈ ಜಗಲಿಯ ಮೇಲೆ ಕೂತು ಮಾತಾಡಲು ತನಗೂ ಒಬ್ಬ ಮನುಷ್ಯ. ಓದಿಸಿಯೇ ಮಾಡಿಕೊಳ್ಳಿ ಎಂದು ಷರತ್ತು ಹಾಕಿದರೆ...

ಷರತ್ತಿನವರೆಗೂ ಹೋಗಿದ್ದಳು. ಅಲ್ಲಿಗೆ ಹೋಗಿ ನಿಂತಿದ್ದೇನೆಂದು ಗೊತ್ತಾದಾಗ, ಬಾಯಿ ಕಹಿಯಾಯಿತು.

“ಬಸ್ಸಿಗೆ ಒತ್ತಾಯ್ತು,” ಎಂದು ಒಳಗೆ ನಡೆದಳು.

“ಪಾಯಸ ಮಾಡಿವ್ನಿ, ವಸಿ ತಿಂದ್ಕಂಡ್ ಓಗಿ ಕಣವ್ವ. ಒಳ್ಳೆ ಮಾತಾಡುವಾಗ ಬಾಯಿ ಸೀ ಮಾಡ್ಬೇಕು,” ಎಂದರು ಗೌರಮ್ಮಣ್ಣಿ. ಮಾದಲಾಂಬಿಕೆ ಅವರ ಕೈಯಲ್ಲಿದ್ದ ಲೋಟದ ಕಡೆ ನೋಡದೆ, “ಏಳು ಪವಿತ್ರ,” ಎಂದಳು. ಪವಿತ್ರ ಏನೂ ಕೇಳದೆ ಎದ್ದಳು. ಅದು ಆಗ ಇವಳಿಗೆ ವಿಚಿತ್ರವೆನಿಸಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಮಗಳು, ಇತ್ತ ತಾಯಿ. ಊರು ದಾಟುವ ಮೊದಲೇ ಫೋನು ಗುರ್ರೆಂದಿತು. ‘ಬೇಜಾರ್ ಮಾಡ್ಕೋಬೇಡಿ. ಅಕ್ಕ ಒಂದು ವಾರ ಟೈಮ್ ಕೊಟ್ಟವ್ಳೆ. ಯೋಚ್ನೆ ಮಾಡಿ.’ ಮಾದಲಾಂಬಿಕೆ ಅದನ್ನು ಓದಿ, ಆ ಹೆಸರನ್ನು ಹುಡುಕಿ, ಯಳಂದೂರಿನವನು ತನಗೆ ಮಾಡಿದ್ದನ್ನೇ ಅವನಿಗೆ ಮಾಡಿದಳು. ಅದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ.

“ಬೇಡ ಅಂದ್ಯಾ?” ಪವಿತ್ರ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

“ಊಂ.”

“ನನ್ ವಿಷಯಕ್ಕಾ?”

ಮಾದಲಾಂಬಿಕೆ ತಟ್ಟನೆ ತಿರುಗಿದಳು. “ನಿನ್ಗೇನು ಗೊತ್ತು?”

“ಅಡ್ಗೆಮನೇಲಿ ಅವ್ರು ನನ್ನೇ ಕೇಳುದ್ರು. ನಮ್ ಗುರುಮಲ್ಲುನ ನೋಡ್ದ್ಯಲ್ಲ, ಒಪ್ಗೆನಾ ಅಂದ್ರು.”

“ನೀ ಏನಂದೆ?”

ಪವಿತ್ರ ಸೀಟಿನ ರೆಕ್ಸಿನ್ನಿನಿಂದ ಹೊರಬಂದಿದ್ದ ದಾರವನ್ನು ಎಳೆಯುತ್ತಿದ್ದಳು.

“ಆಗ್ಲಿ ಅಂದೆ.”

“ತಲೆ ಕೆಟ್ಟದಾ ನಿನ್ಗೆ? ಓದು? ಕೆಲ್ಸ ಸೇರ್ತೀನಿ ಅಂತಿದ್ದೆಲ್ಲ ಎಲ್ಲೋಯ್ತು?” ಮುಂದಿನ ಸೀಟಿನವರು ಹಿಂದಿರುಗಿ ನೋಡಿದರು. ಅವಳು ದನಿ ತಗ್ಗಿಸಿದಳು. “ಯಾಕಂಗಂದೆ?”

“ನೀನು ನಗ್ತಾ ಇದ್ದೆ ಅಮ್ಮ, ಇಷ್ಟು ದಿನ,” ಎಂದಳು ಪವಿತ್ರ. “ಮೊದ್ಲು ನಾನು ಅದನ್ನ ನೋಡೇ ಇರ್ಲಿಲ್ಲ.”

ಬೈಯಬೇಕೆಂದು ಬಾಯಿ ತೆರೆದವಳಿಗೆ ಹಿತ್ತಿಲ ಎಳನೀರಿನ ಗೊನೆ, ಮಡಿಸಿದ ಬಿಳಿ ತೋಳು ಕಣ್ಣೆದುರು ಬಂದು ನಿಂತವು. ತಾನೂ ಹೂಂ ಎನ್ನುವ ತನಕ ಹೋಗಿ ಬಂದಿದ್ದೆನೆಂದು ಹೇಳಿಬಿಡಬೇಕೆನಿಸಿತು. ಈ ಜನ್ಮದಲ್ಲಿ ಅದನ್ನು ಹೇಳಲಾರೆನೆಂದೂ ಅನಿಸಿತು. ಮಗಳು ತನಗಾಗಿ ಒಪ್ಪಿದ್ದಳು. ತಾನು ಯಾರಿಗಾಗಿ?

ಬಸ್ಸಿನ ವೇಗ ಇಳಿಯಿತು. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಎರಡು ಟ್ರೈಲರ್ ಎಳೆದುಕೊಂಡು ರಸ್ತೆಯನ್ನೆಲ್ಲ ಹಿಡಿದು ಹೋಗುತ್ತಿತ್ತು. ಡ್ರೈವರ್ ಎಷ್ಟು ಹಾರನ್ ಹೊಡೆದರೂ ಟ್ರ್ಯಾಕ್ಟರಿನವನು ಹಾಕಿಕೊಂಡಿದ್ದ ಹಾಡಿನ ಅಬ್ಬರದಲ್ಲಿ ಕೇಳಿಸಿಕೊಳ್ಳಲಿಲ್ಲ. “ಆ ಹಾಡ ವಸಿ ಮೆತ್ತಗಾಕ್ಲಾ!” ಎಂದು ಯಾರೋ ಕೂಗಿದರು. ಕೊನೆಗೆ ರಸ್ತೆ ಅಗಲವಾದ ಕಡೆ ಬಸ್ಸು ಪಕ್ಕಕ್ಕೆ ನುಗ್ಗಿತು. ಟ್ರೈಲರಿನಿಂದ ಹೊರಚಾಚಿದ ಕಬ್ಬಿನ ಗರಿಗಳು ತಗಡನ್ನು ಪರಪರನೆ ಕೆರೆಯುತ್ತ ತೆರೆದ ಕಿಟಕಿಯೊಳಕ್ಕೆ ನುಗ್ಗಿದವು. ಮಾದಲಾಂಬಿಕೆ ಮಗಳ ಮುಖಕ್ಕೆ ಅಡ್ಡವಾಗಿ ಕೈ ಚಾಚಿದಳು.

ಗರಿಗಳು ಒಂದೊಂದಾಗಿ ಅವಳ ಮುಂಗೈ ಸವರಿಕೊಂಡು ಹೋದವು. ಟ್ರ್ಯಾಕ್ಟರ್ ಹಿಂದೆ ಬಿತ್ತು, ಹಾಡು ಸಣ್ಣದಾಯಿತು. ಮುಂಗೈ ಮೇಲೆ ಎಳೆಯಷ್ಟು ತೆಳ್ಳಗೆ ಕೆಂಪು ಗೆರೆಗಳೆದ್ದು, ಸ್ವಲ್ಪ ಹೊತ್ತಿನ ಮೇಲೆ ಉರಿಯತೊಡಗಿದವು. ಕಿಟಕಿಯ ಆಚೆ ಈಗ ಬರೀ ಭತ್ತದ ಗದ್ದೆ. “ಅಮ್ಮ, ಓಯ್ತು, ಕೈ ತೆಗಿ,” ಎಂದಳು ಪವಿತ್ರ.

ಅವಳು ತೆಗೆಯಲಿಲ್ಲ.