ಕಳಕ್ಕೂಟಂ ಹಿತ್ತಲಿನ ಬೆರಕೆ ಸೊಪ್ಪು

ಕರ್ಕಡಕ, ಅಂದರೆ ನಮ್ಮ ಆಷಾಢದ ಹೊತ್ತಿನ ಮಳೆ ಹಿಡಿದರೆ ಕೇರಳದ ರಾಜಧಾನಿಯ ಅಂಚಿನ ಕಳಕ್ಕೂಟಂನಲ್ಲಿ ಹಿತ್ತಲುಗಳೆಲ್ಲ ಕಾಡಾಗುತ್ತವೆ. ಅಂಗಡಿಯ ಸೊಪ್ಪು ಮಾತ್ರ ಕೊಳೆತು ಬರುತ್ತದೆ. 2007ರ ಮಳೆಗಾಲದಲ್ಲಿ ವಿಜಯಶ್ರೀಯ ಮನೆಯಲ್ಲೂ ಅದೇ ಪಾಡು. ಗಂಡ ಕೆಂಪಣ್ಣ ಮಂಡ್ಯ ಕಡೆಯವರು, ಬ್ಯಾಂಕ್ ಅಧಿಕಾರಿ. ವರ್ಗವಾಗಿ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದಿದ್ದರು.

ಪಕ್ಕದ ಮನೆಯ ಪರಮೇಶ್ವರಿ ಕಾಸರಗೋಡಿನವರು, ಸೆಕ್ರೆಟೇರಿಯೇಟಿನಲ್ಲಿ ಕೆಲಸ. ಅವರು ಕೊಟ್ಟ ಕೆಸುವಿನೆಲೆಯ ಪತ್ರೊಡೆ ತಿಂದ ಮೇಲೆ ವಿಜಯಶ್ರೀಗೂ ಮಾಡುವ ಆಸೆಯಾಯಿತು. ಚರಂಡಿ ಬದಿಯಲ್ಲಿ ಅಗಲ ಎಲೆಯ ಗಿಡ ಕಂಡಿತು. ಕೆಸುವೇ ಇರಬೇಕು ಎಂದು ಕೊಯ್ದು ತಂದು, ಮಾಡಿ ಬಡಿಸಿದಳು.

ಎರಡನೇ ತುತ್ತಿಗೇ ಕೆಂಪಣ್ಣನ ಗಂಟಲಿಗೆ ಮುಳ್ಳು ಚುಚ್ಚಿದಂತಾಯಿತು. ನಾಲಿಗೆ ಊದಿತು, ಮಾತು ಹೊರಡಲಿಲ್ಲ. ವಿಜಯಶ್ರೀ ಅಳುತ್ತಲೇ ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ತಡಮಾಡದೆ ಹೋದದ್ದರಿಂದ ಬಚಾವಾದರು.

ಮುಂದಿನ ಭಾನುವಾರ ಸಂಜೆ ಕೆಂಪಣ್ಣ ಕಳೆನಾಶಕದ ಡಬ್ಬಿ ಹಿಡಿದು ಹಿತ್ತಲಿಗಿಳಿದರು. ಅದನ್ನು ಕಂಡು ಪರಮೇಶ್ವರಿ ಓಡಿ ಬಂದರು.

"ಎಂತ ಮಾಡ್ತೀರಿ ಮಾರಾಯ್ರೇ? ನಿಲ್ಲಿ!"

"ಸಾಕಮ್ಮ ಈ ಸೊಪ್ಪಿನ ಸಹವಾಸ. ಪ್ರಾಣವೇ ಹೋಗ್ತಿತ್ತು."

"ಕೊಯ್ದದ್ದು ಬೇರೆ ಎಲೆ. ನೋಡ್ಲಿಕ್ಕೆ ಮಾತ್ರ ಕೆಸುವಿನ ಹಾಗೆ. ಗುರುತಿಲ್ಲದ್ದನ್ನು ಬಾಯಿಗೆ ಹಾಕಬಾರದು. ಚರಂಡಿ ಬದಿಯದ್ದು ಗುರುತಿದ್ರೂ ಬೇಡ. ಆದ್ರೆ ಇಲ್ಲಿ ಎಂತೆಲ್ಲ ಉಂಟು, ಒಮ್ಮೆ ನೋಡಿ."

ಅವರು ಕೂತು ನೆಲಕ್ಕೆ ಹಬ್ಬಿದ ದುಂಡು ಎಲೆ ತೋರಿಸಿದರು. "ಇದು ಒಂದೆಲಗ. ಬಾಡಿಸಿ, ಕಾಯಿ ಮಜ್ಜಿಗೆ ಹಾಕಿ ರುಬ್ಬಿದ್ರೆ ತಂಬುಳಿ. ಅದು ತಗಟೆ, ಎಳೆ ಎಲೆಯ ಪಲ್ಯ ಆಗ್ತದೆ."

ಕೆಂಪಣ್ಣ ಒಲ್ಲದ ಮನಸ್ಸಿನಿಂದ ಬಗ್ಗಿದರು. ಬಗ್ಗಿದವರು ಹಾಗೇ ನಿಂತುಬಿಟ್ಟರು.

"ವಿಜಯಾ, ಬಾ ಇಲ್ಲಿ! ಇದು ಹೊನಗೊನ್ನೆ ಅಲ್ವೇನೇ? ನಮ್ಮವ್ವ ಗದ್ದೆ ಬದೀಲಿ ಬೆರಕೆ ಸೊಪ್ಪು ಕೀಳೋವಾಗ ಮೊದಲು ಇದನ್ನೇ ಹುಡುಕೋಳು. ಇಷ್ಟು ದೂರದಲ್ಲೂ ಇದೆಯಾ! ಯಾರು ಬಿತ್ತಿದ್ರು? ಯಾರು ನೀರು ಹಾಕಿದ್ರು?"

ಹೊತ್ತು ಇಳಿಯಿತು. ನೋಡುತ್ತಿದ್ದಂತೆ ತಗಟೆಯ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಂಡವು.

"ಇದಕ್ಕೂ ನಿದ್ದೆ ಬರುತ್ತಾ?" ಕೆಂಪಣ್ಣನ ದನಿ ಪಿಸುಮಾತಾಗಿತ್ತು.

"ಬರ್ತದೆ. ಬೆಳಿಗ್ಗೆ ಏಳ್ತದೆ."

"ಇದನ್ನ ಸುಡೋಕೆ ಬಂದಿದ್ದೆನಲ್ಲಮ್ಮಾ..."

ಮರುದಿನ ಡಬ್ಬಿ ಅಂಗಡಿಗೆ ವಾಪಸಾಯಿತು. ಹೊನಗೊನ್ನೆಯ ಕಡ್ಡಿಗಳನ್ನು ಕೆಂಪಣ್ಣ ಕುಂಡಗಳಲ್ಲಿ ನೆಟ್ಟರು. ಒಂದೆಲಗಕ್ಕೆ ನಲ್ಲಿಯ ಪಕ್ಕದ ತೇವದಲ್ಲಿ ಜಾಗ ಮಾಡಿದರು. ಪರಮೇಶ್ವರಿ ದೊಡ್ಡಪತ್ರೆಯ ಒಂದು ಕೊಂಬೆ ತಂದುಕೊಟ್ಟರು.

"ಇದಿದ್ರೆ ಜ್ವರಕ್ಕೆ ಡಾಕ್ಟರು ಬೇಡ್ವಾ ಅಕ್ಕಾ?" ಎಂದಳು ವಿಜಯಶ್ರೀ.

"ಹಾಗೆ ಮಾತ್ರ ಮಾಡ್ಬೇಡಿ! ಊರಲ್ಲೆಲ್ಲ ಚಿಕುನ್‌ಗುನ್ಯ ಉಂಟು. ಜ್ವರ ಬಂದ್ರೆ ಡಾಕ್ಟರ ಹತ್ರ ಹೋಗ್ಲೇಬೇಕು. ಇದು ಶೀತಕ್ಕೆ ಸ್ವಲ್ಪ ಹಿತ, ಅಷ್ಟೇ."

ಆ ವಾರ ವಿಜಯಶ್ರೀಯ ಮನೆಯಲ್ಲಿ ಮಂಡ್ಯ ಕಡೆಯ ಸಾರು, ಹೊನಗೊನ್ನೆಯ ಉಪ್ಸಾರು. ಕೆಂಪಣ್ಣ ಎರಡು ಸಲ ಬಡಿಸಿಕೊಂಡು ಉಂಡರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳದಲ್ಲೂ ಏನೇನೋ ಮೊಳೆತಿದೆ. ವಿಷ ಹೊಡೆಯುವ ಮೊದಲು ಬಲ್ಲವರನ್ನು ಕರೆದು ತೋರಿಸಿ. ಖಾತ್ರಿಯಾದದ್ದನ್ನು ಮಾತ್ರ, ಶುದ್ಧ ಜಾಗದಿಂದ ಮಾತ್ರ ತೆಗೆದುಕೊಳ್ಳಿ. ಬೇರು ಕೀಳಬೇಡಿ, ಕುಡಿ ಚಿವುಟಿ, ತೊಳೆದು ಅಡುಗೆ ಮಾಡಿ. ನಾಲ್ಕು ಕುಂಡಗಳಲ್ಲಾದರೂ ಬೆಳೆಸಿ. ಆ ಗಿಡಗಳ ಹೆಸರನ್ನು ಮಕ್ಕಳಿಗೂ ಹೇಳಿಕೊಡಿ. ಹೆಸರು ಗೊತ್ತಿದ್ದವರು ಯಾರೂ ಅದನ್ನು ಕಳೆ ಎನ್ನುವುದಿಲ್ಲ.